ಕರೆಂಟು ಹೋದಮೇಲಿನ ಕಥೆ

ವಿಘ್ನೇಶ್ವರ ಹೆಗಡೆಯವರಿಗೆ ಹಿಂದಿ ಒಂದಕ್ಷರ ಬಾರದು. ಆದರೆ ಹಿಂದಿ ಸಿನಿಮಾ ನೋಡಿ ಅಳುವುದರಲ್ಲಿ ಇಡೀ ನಿಲ್ಕುಂದದಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಕಿರಿಮಗನ ಮುಂಜಿಯ ಮರುದಿನ, ಉಳಿದ ನೆಂಟರಿಗೆ ಮಧ್ಯಾಹ್ನದ ಹೊತ್ತು ಹೋಗಲೆಂದು ಶಿರಸಿಯಿಂದ ಟಿವಿ, ಸಿನಿಮಾ ಕ್ಯಾಸೆಟ್ ಹಾಕುವ ವಿಸಿಪಿ ಬಾಡಿಗೆಗೆ ತರಿಸಿದರು. ಆ ಕಾಲದಲ್ಲಿ ಮಷೀನಿನ ಜೊತೆ ಅದನ್ನು ನಡೆಸುವವನೂ ಬರುವುದು ಪದ್ಧತಿ. ಬಂದವನು ಯಾರು ಅಂತೀರಿ? ಇಸಳೂರಿನ ಸತೀಶ ನಾಯ್ಕ! ಹೆಗಡೆಯವರ ಮಗಳು ವೇದಾ ಬಾಗಿಲಲ್ಲೇ ನಿಂತುಬಿಟ್ಟಳು. ಎರಡು ವರ್ಷದಿಂದ ಅವಳು ಮನಸ್ಸು ಕೊಟ್ಟದ್ದು ಅವನಿಗೇ, ಜಾತಿ ಬೇರೆಯಾದ್ದರಿಂದ ಮನೆಯಲ್ಲಿ ಹೇಳದೆ. ನಾಳೆ ನೋಡಿದರೆ ವಜ್ರಳ್ಳಿಯಿಂದ ಗಂಡಿನ ಕಡೆಯವರು ಮಾತು ಪಕ್ಕಾ ಮಾಡಲು ಬರುವವರು. ಇವತ್ತು ಬಾಯಿ ಬಿಡದಿದ್ದರೆ ಆಯ್ತು, ಮುಗಿದೇ ಹೋಯಿತು.

ಬಾಯಿ ಬಿಡುವುದೆಲ್ಲಿಂದ? ಅವಳ ಬಾಯಿಗೆ ಬೇರೆ ಕೆಲಸ ಹಚ್ಚಿದ್ದರು. ಕಾಲೇಜು ಕಲಿತವಳೆಂದು ಟಿವಿ ಪಕ್ಕ ಕೂರಿಸಿ, ಒಂದೊಂದು ಮಾತನ್ನೂ ಕನ್ನಡದಲ್ಲಿ ಹೇಳಿಸುತ್ತಿದ್ದರು. ಪರದೆಯ ಮೇಲೆ ಶ್ರೀಮಂತರ ಹುಡುಗಿ, ಬಡವರ ಹುಡುಗ, ಬಂದೂಕು ಹಿಡಿದ ಅಪ್ಪ. ಹೆಗಡೆಯವರ ಶಾಲು ಅರ್ಧ ಒದ್ದೆ. ಹುಡುಗಿ ಮನೆ ಬಿಟ್ಟು ಓಡಿದಳು, ಅಪ್ಪ ಬಂದೂಕು ಎತ್ತಿದ, ಕರೆಂಟು ಹೋಯಿತು.

"ಥೋ ಶನಿಯೇ! ಮುಂದೆಂತ ಆಗ್ತೇನ," ಹೆಗಡೆಯವರು ಚಡಪಡಿಸಿದರು. "ಯಂಗಂತೂ ಇವತ್ತು ಊಟ ಸೇರ್ತಿಲ್ಲೆ."

"ಇಬ್ರೂ ಸಾಯ್ತ, ಅಪ್ಪಯ್ಯ," ಎಂದಳು ವೇದಾ, ಅವರ ಸಂಕಟ ನೋಡಲಾರದೆ. "ಆಮೇಲೆ ಅಪ್ಪ ಬಿಕ್ಕಿ ಬಿಕ್ಕಿ ಅಳ್ತ."

"ಎಂಥಾ ಅಪ್ಪ ಹೇಳಿ ಅಂವ! ಕೂಸಿನ ಜೀವಕ್ಕಿಂತ ಹಟ ದೊಡ್ಡದಾ?" ಹೆಗಡೆಯವರು ಬೈದರು. ನೆಂಟರೆಲ್ಲ ಹೌದೌದೆಂದರು. ಹೆಗಡೆಯವರು ತಟ್ಟನೆ ಮಗಳತ್ತ ತಿರುಗಿದರು. "ಅಲ್ದೇ ಕೂಸೆ, ನೀ ಇದನ್ನ ಯಾವಾಗ ನೋಡಿದ್ದೆ?"

"ಹೋದ ತಿಂಗಳು. ಶಿರ್ಸಿ ಟಾಕೀಸಲ್ಲಿ."

"ಯಾರ ಸಂತಿಗೆ?"

ಗೆಳತಿ ಮೇಧಾಳ ಜೊತೆ ಎಂಬ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಅಷ್ಟು ಹೇಳಿದ್ದರೆ ಎಲ್ಲರೂ ಚಾ ಕುಡಿಯಲು ಎದ್ದು ಹೋಗುತ್ತಿದ್ದರು, ನಾಳೆ ವಜ್ರಳ್ಳಿಯವರು ಬಂದು ಸಿರಾ ತಿಂದು ಹೋಗುತ್ತಿದ್ದರು. ವೇದಾಗೆ ಹೆದರಿಕೆಯಿತ್ತು. ಆದರೂ ಹೇಳಿದಳು.

"ಸತೀಶನ ಸಂತಿಗೆ. ಆನು ಅವನ್ನೇ ಮದುವೆ ಆಗ್ತೆ, ಅಪ್ಪಯ್ಯ."

ವಯರು ಸುತ್ತುತ್ತಿದ್ದ ಸತೀಶ ಎದ್ದು ನಿಂತ. "ಹೌದು ಹೆಗಡೇರೆ, ನಾನೇ ಕರ್ಕಂಡು ಹೋಗಿದ್ದೆ."

ಹೆಗಡೆಯವರು ಅವನನ್ನೊಮ್ಮೆ ನೋಡಿದರು, ಸುಮ್ಮನೆ ಕೂತ ಟಿವಿಯನ್ನೊಮ್ಮೆ ನೋಡಿದರು. ಈಗಷ್ಟೇ ಹತ್ತು ಜನರೆದುರು ಬೈದ ಮಾತನ್ನು ನುಂಗುವುದಾದರೂ ಹೇಗೆ? ಸಿನಿಮಾಕ್ಕೆ ಅಷ್ಟು ಸಲೀಸಾಗಿ ಹರಿದ ಕಣ್ಣೀರು ಈಗ ಒಂದು ಹನಿಯೂ ಬರಲಿಲ್ಲ. ಅದನ್ನು ಕಂಡು ವೇದಾಳೇ ಅತ್ತಳು.

"ವಜ್ರಳ್ಳಿಗೆ ಫೋನ್ ಮಾಡಿ ನಾಳೆ ಬರಡಿ ಹೇಳ್ತೆ," ಎಂದು ಕೊನೆಗೆ ನಾಳಿನ ಮಾತುಕತೆ ನಿಲ್ಲಿಸಿದರು, ಅವಳ ಮುಖ ನೋಡದೆ. "ಅದಕ್ಕಿಂತ ಹೆಚ್ಚಿಂದು ಇವತ್ತು ಯನ್ನ ಕೇಳಡ, ಕೂಸೆ."