ಒರೆಸಿದರೆ ಹೋಗುವ ಮುಖ

ಅಪ್ಪನ ಮುಖ ಕಾಗದಕ್ಕೆ ಅಂಟುತ್ತಲೇ ಇರಲಿಲ್ಲ. ಪ್ರಿಂಟರಿನಿಂದ ಹೊರಬಂದ ಹಾಳೆಯನ್ನು ಬೆಳಕಿಗೆ ಹಿಡಿದರೆ ಎಲ್ಲ ಸರಿಯಾಗಿತ್ತು. ಮೇಲೆ ದಪ್ಪಕ್ಷರದಲ್ಲಿ ‘ಕಾಣೆಯಾಗಿದ್ದಾರೆ’, ನಡುವೆ ಅಪ್ಪನ ಫೋಟೋ, ಕೆಳಗೆ ‘ಮರಿಸಿದ್ದಯ್ಯ, ಬಂಡೂರು, ಮರೆವಿನ ಕಾಯಿಲೆ ಇದೆ’ ಎಂದು ಬರೆದು ನನ್ನ ಫೋನ್ ನಂಬರು. ಹೆಬ್ಬೆರಳು ತಾಗಿಸಿದೆ, ಮೂಗು ಹೋಯಿತು. ಇನ್ನೊಮ್ಮೆ ತಾಗಿಸಿದೆ, ಕಣ್ಣೂ ಹೋಗಿ ಬೆರಳೆಲ್ಲ ಮಸಿಯಾಯಿತು.

ಮಳವಳ್ಳಿಯಲ್ಲಿ ತಾಲ್ಲೂಕು ಕಚೇರಿಯ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ. ಊರವರ ಪಹಣಿ, ಆಧಾರು, ತಿಥಿ ಕಾರ್ಡು ಎಲ್ಲವನ್ನೂ ಈ ದರಿದ್ರ ಮಿಷೀನು ತಕರಾರಿಲ್ಲದೆ ಹೊಡೆದುಕೊಟ್ಟಿದೆ. ನನ್ನ ಅಪ್ಪ ಕಳೆದುಹೋದಾಗಲೇ ಇದಕ್ಕೆ ರೋಗ ಬಡಿಯಬೇಕಿತ್ತೆ?

ರೋಗ ಏನೆಂದು ನನಗೆ ಗೊತ್ತಿತ್ತು. ಮಸಿಪುಡಿಯನ್ನು ಬಿಸಿಯಲ್ಲಿ ಕರಗಿಸಿ ಕಾಗದಕ್ಕೆ ಅಂಟಿಸುವ ಭಾಗಕ್ಕೆ ಫ್ಯೂಸರ್ ಎನ್ನುತ್ತಾರೆ. ಅದರೊಳಗೆ ಕಾದ ಪಟ್ಟಿಯೊಂದರ ಸುತ್ತ ತೆಳ್ಳನೆಯ ಟೆಫ್ಲಾನ್ ಕೊಳವೆ ತಿರುಗುತ್ತದೆ, ಎರಡರ ನಡುವೆ ಬಿಳಿ ಗ್ರೀಸು ಇರುತ್ತದೆ. ಗ್ರೀಸು ಒಣಗಿದರೆ ಕೊಳವೆ ಕಿರ್ರೆಂದು ತಡೆತಡೆದು ತಿರುಗುತ್ತದೆ, ಬಿಸಿ ಸರಿಯಾಗಿ ತಾಗದೆ ಪುಡಿ ಹಸಿಯಾಗಿಯೇ ಉಳಿಯುತ್ತದೆ. ವಾರದಿಂದ ಕಿರುಗುಟ್ಟುತ್ತಿತ್ತು. ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿರುತ್ತಿದ್ದ ಅಪ್ಪ ಪ್ರತಿ ಸಲವೂ ಅದನ್ನೇ ಹೇಳುತ್ತಿದ್ದ. “ಗಾಲಿ ಒಣಗದೆ ಕಣವ್ವ. ಒಂದ್ ತೊಟ್ಟು ಅಳ್ಳೆಣ್ಣೆ ಬುಡು.” ಎತ್ತಿನ ಗಾಡಿ ಹೊಡೆದೇ ಸವೆದ ಜೀವ. ಹರಳೆಣ್ಣೆ ಬಿಟ್ಟರೆ ಲೋಕದ ಯಾವ ಗಾಲಿಯಾದರೂ ತಿರುಗುತ್ತದೆಂದು ನಂಬಿದವನು.

ಶುಕ್ರವಾರ ಮಂಡ್ಯದ ರಿಪೇರಿ ಸ್ವಾಮಿಗೆ ಫೋನ್ ಮಾಡಿದ್ದೆ. ಸ್ಪೀಕರಿನಲ್ಲಿ ಅವನ ಗಂಟಲು ಅಂಗಡಿಗೆಲ್ಲ ಕೇಳುತ್ತಿತ್ತು. “ಗ್ರೀಸು ನನ್ನತ್ರ ಅದೆ ಕಣಕ್ಕ, ಯಾರ್ನಾರ ಮಂಡ್ಯಕ್ಕೆ ಕಳ್ಸು. ಬ್ಯಾರೆ ಎಣ್ಣೆಗಿಣ್ಣೆ ಬುಟ್ಟೀಯ, ಮಿಷೀನು ಕೆಟ್ಟೋಯ್ತದೆ.” ಸೋಮವಾರ ನೋಡೋಣ ಎಂದು ಇಟ್ಟುಬಿಟ್ಟೆ. ಶನಿವಾರ ಬೆಳಿಗ್ಗೆ ಗಿರಾಕಿಗೆ ಕವರು ಹುಡುಕಿಕೊಟ್ಟು ತಿರುಗಿ ನೋಡಿದರೆ ಸ್ಟೂಲು ಖಾಲಿ.

ಈಗ ಭಾನುವಾರ. ಪೊಲೀಸರಿಗೆ ಹೇಳಿದ್ದಾಯಿತು, ವಾಟ್ಸಾಪಿಗೆ ಹಾಕಿದ್ದಾಯಿತು. ನನ್ನ ಗಂಡ ಶಿವರಾಜು ಬೈಕಿನಲ್ಲಿ ಬಂಡೂರಿಗೆ ಹೋಗಿ, “ಊರ್ಗೂ ಬಂದಿಲ್ಲ ಕಣೆ,” ಎಂದು ಫೋನ್ ಮಾಡಿದ್ದ. ಒಂದಿಡೀ ರಾತ್ರಿ ಅಪ್ಪ ಎಲ್ಲಿದ್ದನೋ ಗೊತ್ತಿಲ್ಲ. ಸುತ್ತಲಿನ ನಾಲೆಗಳ ಯೋಚನೆ ಬಂದಾಗಲೆಲ್ಲ ಅದನ್ನು ಪಕ್ಕಕ್ಕೆ ತಳ್ಳುತ್ತಿದ್ದೆ. ಬಸ್ ಸ್ಟ್ಯಾಂಡುಗಳಲ್ಲಿ ಅಂಟಿಸಲು ಒಂದಷ್ಟು ಹಾಳೆ ಬೇಕೇಬೇಕಿತ್ತು, ಸುತ್ತಲಿನ ಜೆರಾಕ್ಸ್ ಅಂಗಡಿಗಳೆಲ್ಲ ರಜೆಯೆಂದು ಬಾಗಿಲೆಳೆದುಕೊಂಡಿದ್ದವು. ಅವರಿಗೆಲ್ಲ ಇವತ್ತೇ ಆರಾಮ ಬೇಕಾಯಿತು.

ಮನೆಯಿಂದ ಇಸ್ತ್ರಿಪೆಟ್ಟಿಗೆ ತಂದೆ. ಹಾಳೆಯ ಮೇಲೆ ತೆಳು ಬಟ್ಟೆ ಹಾಸಿ ಇಸ್ತ್ರಿ ಮಾಡಿದರೆ ಪುಡಿ ಕರಗಿ ಅಂಟೀತು ಎಂದುಕೊಂಡೆ. ಅಕ್ಷರವೇನೋ ಸ್ವಲ್ಪ ನಿಂತಿತು, ಅಪ್ಪನ ಕೆನ್ನೆಯ ಅರ್ಧ ಬಟ್ಟೆಗೆ ಹತ್ತಿಕೊಂಡು ಬಂತು. ಬಟ್ಟೆಯ ಮೇಲಿಂದ ಅಪ್ಪ ನನ್ನನ್ನೇ ನೋಡುತ್ತಿದ್ದ. ಅಲ್ಲೇ ಕೂತು ಅತ್ತುಬಿಟ್ಟೆ.

ಆಮೇಲೆ ನನಗೆ ಬುದ್ಧಿ ನೆಟ್ಟಗಿರಲಿಲ್ಲ. ಸ್ಕ್ರೂ ಬಿಚ್ಚಿ ಫ್ಯೂಸರ್ ಹೊರತೆಗೆದೆ. ಇಸ್ತ್ರಿಪೆಟ್ಟಿಗೆಯ ಜೊತೆ ತಲೆಗೆ ಹಚ್ಚುವ ಹರಳೆಣ್ಣೆ ಬಾಟಲಿಯನ್ನೂ ತಂದಿದ್ದೆ, ಯಾಕೆ ತಂದೆನೆಂದು ಆ ಗಳಿಗೆವರೆಗೆ ನನಗೇ ಒಪ್ಪಿಕೊಳ್ಳಲು ಆಗಿರಲಿಲ್ಲ. ಅಪ್ಪ ಹೇಳಿದಂತೆ ಕೊಳವೆಯೊಳಗೆ ತೊಟ್ಟು ತೊಟ್ಟಾಗಿ ಬಿಟ್ಟು ಮತ್ತೆ ಜೋಡಿಸಿದೆ. ಮೊದಲ ಹಾಳೆ ಸದ್ದೇ ಇಲ್ಲದೆ ಬಂತು. ಅಪ್ಪನ ಮುಖ ಬೆರಳಿಗೆ ಬರಲಿಲ್ಲ, ಒರೆಸಿದರೂ ಹೋಗಲಿಲ್ಲ. ಎರಡನೆಯದರಲ್ಲಿ ಹಣೆಯ ಮೇಲೆ ಎಣ್ಣೆಕಲೆ. ಮೂರನೆಯದು ಅರ್ಧಕ್ಕೆ ನಿಂತಿತು, ಹೊಗೆ ಬಂತು, ಟೆಫ್ಲಾನ್ ಹರಿದ ಸದ್ದು ಕೇಳಿ ಸ್ವಿಚ್ ಆರಿಸಿದೆ. ಮಿಷೀನಿನ ಕಥೆ ಮುಗಿಯಿತು.

ಗಟ್ಟಿಯಾದ ಆ ಒಂದೇ ಹಾಳೆಯನ್ನು ಪೊಲೀಸ್ ಠಾಣೆಯ ಬಾಗಿಲಿಗೆ ಅಂಟಿಸಲು ಕೊಟ್ಟೆ. ಇಸ್ತ್ರಿ ಮಾಡಿದ್ದ ಅರೆಬರೆ ಹಾಳೆಗಳನ್ನೇ ಎದೆಗವಚಿಕೊಂಡು, ಮೊದಲು ಹೊರಟಿದ್ದ ಮದ್ದೂರಿನ ಬಸ್ಸು ಹತ್ತಿದೆ. ಬಸ್ಸಿನ ನೂಕುನುಗ್ಗಲಿಗೆ ಹಾಳೆಗಳು ಒಂದಕ್ಕೊಂದು ಉಜ್ಜಿ, ಇಳಿಯುವಷ್ಟರಲ್ಲಿ ನನ್ನ ರವಿಕೆಯೆಲ್ಲ ಮಸಿ.

ಮದ್ದೂರು ಬಸ್ ಸ್ಟ್ಯಾಂಡಿನ ಕಂಬಕ್ಕೆ ಒಂದನ್ನು ಅಂಟಿಸುತ್ತಿದ್ದಾಗ ವಡೆ ಮಾರುವ ಹೆಂಗಸು ಹತ್ತಿರ ಬಂದಳು.

“ಮೊಕನೇ ಇಲ್ವಲ್ಲಮ್ಮ. ಯಾರ್ನ ಅಂತ ಉಡುಕೋದು?”

“ನಮ್ಮಪ್ಪ. ಬಿಳಿ ಪಂಚೆ, ಅಸಿರು ಟವಲ್ಲು.”

“ಎಣ್ಣೆ ಬಾಟ್ಲಿ ಇಡ್ಕಂಡವ್ರ? ಬೆಳಿಗ್ಗೆಯಿಂದ ಆ ಕಲ್ಬೆಂಚಿನ್ ಮೇಲವ್ರೆ. ಯಾವ್ ಬಸ್ಸು ಬಂದ್ರೂ ಎದ್ದು ನೋಡ್ತಾರೆ, ಅತ್ತಾಕಿಲ್ಲ.”

ಓಡಿದೆ. ಅಪ್ಪ ಕೂತಿದ್ದ. ಕಾಲೆಲ್ಲ ದೂಳು, ತುಟಿ ಒಡೆದಿತ್ತು. ತೊಡೆಗಳ ನಡುವೆ ಬಾಟಲಿ, ಅದರ ಬಾಯಿಗೆ ಕಾಗದ ತುರುಕಿದ್ದ. ಬೈದುಬಿಡಬೇಕೆನ್ನಿಸಿತು, ಕಾಲು ಹಿಡಿದು ಅಳಬೇಕೆನ್ನಿಸಿತು. ಅವನ ಮುಂದೆ ಕುಕ್ಕರುಗಾಲಲ್ಲಿ ಕೂತೆ. ಅಪ್ಪ ನನ್ನ ಮುಖ ನೋಡಿದ. ಪಾಪ ಯಾರೋ ಏನೋ ಎಂಬಂತೆ ನೋಡಿದ.

“ಯಾವೂರವ್ವ ನಿಂದು? ಯಾಕವ್ವ ಅಳ್ತೀಯ?”

ಅವನೇ ನನ್ನ ಕೈಯ ಹಾಳೆ ಇಸಿದುಕೊಂಡು ಹೆಬ್ಬೆರಳಲ್ಲಿ ಸವರಿದ. ಉಳಿದಿದ್ದ ಒಂದು ಕಣ್ಣೂ ಹೋಯಿತು.

“ಯಾರವ್ವ ಇದು?”

“ನಮ್ಮಪ್ಪ. ಕಳ್ದೋಗವ್ರೆ.”

“ಅಯ್ಯೋ ಪಾಪ. ಇಂಗ್ ಒರ್ಸೋದ್ರೆ ಯಾರ್ಗ್ ಗೊತ್ತಾದದು?” ಅಪ್ಪ ಬಾಟಲಿ ಎತ್ತಿ ತೋರಿಸಿದ. “ನನ್ ಮಗ್ಳು ಅರುಂದತಿ ಮಳವಳ್ಳೀಲಿ ಮಿಷೀನ್ ಮಡಗವ್ಳೆ. ಗಾಲಿ ಒಣಗಿ ಮಗೀಗೆ ಬಲು ಕಷ್ಟ. ಯಾರಾರ ಓಗಿ ತರ್ಬೇಕು ಅಂದ್ರು, ಅದ್ಕೆ ಅಳ್ಳೆಣ್ಣೆ ತಕಂಡ್ ಓಯ್ತಾ ಇವ್ನಿ. ಬಸ್ಸೇ ಗೊತ್ತಾಯ್ತಿಲ್ಲ. ನೀನೂ ಬಾ, ನಿಮ್ಮಪ್ಪನ್ ಮೊಕವ ಗಟ್ಟಿಯಾಗಿ ಒಡ್ಕೊಡ್ತಾಳೆ.”

“ನಾನೂ ಅಲ್ಗೇ ಓಗೋದು. ಬನ್ನಿ,” ಎಂದೆ. ಅಪ್ಪ ಎಂದು ಕರೆದರೆ ಹೆದರಿ ಕೈ ಬಿಡಿಸಿಕೊಂಡಾನೆಂದು ಭಯವಾಯಿತು.

ಬಸ್ಸಿನಲ್ಲಿ ಅವನ ಪಕ್ಕದಲ್ಲೇ ಕೂತೆ. ಗುಂಡಿ ಬಂದಾಗಲೆಲ್ಲ ಎಣ್ಣೆ ಚೆಲ್ಲದಂತೆ ಬಾಟಲಿಯ ಬಾಯಿಗೆ ಅಂಗೈ ಮುಚ್ಚುತ್ತ, “ಅಳ್ಬ್ಯಾಡ ಕಣವ್ವ, ಸಿಕ್ತಾರೆ ನಿಮ್ಮಪ್ಪ,” ಎಂದು ಮಳವಳ್ಳಿ ಬರುವವರೆಗೂ ಹೇಳುತ್ತಲೇ ಇದ್ದ.