ನೀರಿಗೆ ಬಿಟ್ಟ ಪುಸ್ತಕಗಳು

ಎಲ್ಕಾನರು ತೀರಿಕೊಂಡ ಸುದ್ದಿ ಮಂಗಳವಾರ ಬೆಳಿಗ್ಗೆ ಬಂತು. ನದಿಯಾಚೆ ಲಿಂಡ್‌ಹೋಲ್ಮೆನ್ನಿನ ಆಫೀಸಿಗೆ ಹೊರಟಿದ್ದ ಲಾವಣ್ಯಾ ಬೂಟು ಹಾಕಿಕೊಳ್ಳುತ್ತಲೇ ಫೋನು ನೋಡಿ, "ಅಪ್ಪಾ, ನಿಮ್ಮ ಸ್ನೇಹಿತರು, ಆ ಮೇಷ್ಟ್ರು, ಹೋಗ್ಬಿಟ್ರಂತೆ. ಅವರ ಮಗಳು ಮೆಸೇಜ್ ಮಾಡಿದಾಳೆ," ಎಂದಳು. ಮಗಳು ಹೋದಮೇಲೆ ರಾಜಗೋಪಾಲರು ತಣ್ಣೀರಿನಲ್ಲಿ ತಲೆಗೆ ಸ್ನಾನ ಮಾಡಿದರು.

ಸ್ವೀಡನ್ನಿನ ಗೋಥೆನ್‌ಬರ್ಗಿನ ಹಳೆಯ ಪೇಟೆಯಲ್ಲಿ, ಕಾಲುವೆಯ ಹಿಂದಿನ ಓಣಿಯಲ್ಲಿ, ಯಹೂದಿಗಳ ಪುಟ್ಟ ಧರ್ಮಪಾಠಶಾಲೆಯೊಂದಿತ್ತು. ಎಲ್ಕಾನರು ಅದರ ಕೊನೆಯ ಉಪಾಧ್ಯಾಯರು. ಬಟ್ಟೆ ವ್ಯಾಪಾರಕ್ಕೆ ಬಂದ ನಾಲ್ಕಾರು ಮನೆಯವರು ಎಂದೋ ಅದನ್ನು ಕಟ್ಟಿದ್ದರು. ಮಹಾಯುದ್ಧ ಮುಗಿದಮೇಲೆ ಸಾವಿನ ಶಿಬಿರಗಳಿಂದ ಬದುಕಿ ಬಂದವರ ಮಕ್ಕಳು ಅದರ ಬೆಂಚುಗಳನ್ನು ತುಂಬಿದರು. ಎಲ್ಕಾನರು ಅಕ್ಷರ ಕಲಿತದ್ದೂ ಆ ಬೆಂಚಿನ ಮೇಲೆಯೇ. ಎಷ್ಟೋ ವರ್ಷಗಳ ನಂತರ ಯಾರೋ ಕಿಟಕಿಗೆ ಕಲ್ಲು ಹೊಡೆದರು. ಬಾಗಿಲಿಗೆ ಕಾವಲು ಬಂತು. ಕಾವಲುಗಾರನನ್ನು ದಾಟಿ ಮಕ್ಕಳನ್ನು ಕಳಿಸಲು ತಾಯಂದಿರು ಹಿಂಜರಿದರು. ಕೆಲವರು ದೇಶವನ್ನೇ ಬಿಟ್ಟರು. ಊರಿನವರು ವಿಷಾದಿಸಿದರು, ಮೇಣದಬತ್ತಿ ಹಚ್ಚಿದರು, ಮನೆಗೆ ಹೋದರು. ಹೋದ ವರ್ಷ ಶಾಲೆ ಮುಚ್ಚಿತು. ಅಲ್ಲೀಗ ಯೋಗ ಕಲಿಸುತ್ತಾರೆ.

"ನೋಡಿದಿರಾ ರಾಜಗೋಪಾಲ್, ನಮ್ಮ ಪ್ರವಾದಿಗಳನ್ನು ಕಳಿಸಿ ನಿಮ್ಮ ಋಷಿಗಳನ್ನು ಕರೆಸಿಕೊಂಡರು," ಎಂದು ಎಲ್ಕಾನರು ನಕ್ಕಿದ್ದರು.

"ನಮ್ಮ ಋಷಿಗಳು ರಬ್ಬರ್ ಚಾಪೆ ಹಿಡಿದು ಓಡಾಡಲಿಲ್ಲ," ಎಂದಿದ್ದರು ರಾಜಗೋಪಾಲರು. ಮೈಸೂರಿನ ಸಂಸ್ಕೃತ ಪಾಠಶಾಲೆಯಲ್ಲಿ ಮಕ್ಕಳು ಕಡಿಮೆಯಾಗುತ್ತ ಹೋದುದನ್ನು ಅವರೂ ಕಂಡವರು. ಸ್ನೇಹ ಬೆಳೆದದ್ದು ಅದರಿಂದಲೇ.

ಆಸ್ಪತ್ರೆಗೆ ಸೇರುವ ಮುನ್ನ ಎಲ್ಕಾನರು ಒಂದು ಬಟ್ಟೆಯ ಚೀಲ ತಂದುಕೊಟ್ಟರು. ಅದರ ತುಂಬ ಶಾಲೆಯ ಹರಿದ ಪ್ರಾರ್ಥನೆ ಪುಸ್ತಕಗಳು, ಅಂಚಿನಲ್ಲಿ ಮಕ್ಕಳ ಬೆರಳಿನ ಜಿಡ್ಡು.

"ದೇವರ ಹೆಸರಿರುವ ಕಾಗದ. ಕಸಕ್ಕೆ ಹಾಕುವಂತಿಲ್ಲ, ಸುಡುವಂತಿಲ್ಲ. ಮಗಳು ಮಿರ್ಯಮ್ ಇರುವುದು ದೂರದ ಹೆಲ್ಸಿಂಗ್‌ಬೋರ್ಗಿನಲ್ಲಿ. ನಾನು ಮರಳಿ ಬರದಿದ್ದರೆ, ಪವಿತ್ರ ಗ್ರಂಥಕ್ಕೆ ಸಲ್ಲಬೇಕಾದ್ದು ಸಲ್ಲುವಂತೆ ನೋಡಿಕೊಳ್ಳಿ. ನಿಮಗೆ ನಾನು ಹೇಳಿಕೊಡಬೇಕೆ?"

ಹೇಳಿಕೊಡಬೇಕಿತ್ತು. ರಾಜಗೋಪಾಲರು ಕೇಳಲೂ ಇಲ್ಲ. ಜೀರ್ಣವಾದ ಗ್ರಂಥವನ್ನು ಹರಿಯುವ ನೀರಿಗೆ ಬಿಡುವುದು ಅವರ ತಂದೆ, ತಾತ ನಡೆಸಿಕೊಂಡು ಬಂದದ್ದು. ಮನೆಯ ತಾಳೆಗರಿಗಳನ್ನು ಅವರೇ ಕಾವೇರಿಗೆ ಬಿಟ್ಟಿದ್ದರು.

ಒದ್ದೆ ತಲೆಯಲ್ಲೇ ಚೀಲ ಹೊತ್ತು ನದಿಗೆ ಹೋದರು. ಒಂದೊಂದೇ ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ನೀರಿಗೆ ಬಿಟ್ಟರು. ಕೊನೆಯದು ಸಮುದ್ರದ ಕಡೆ ತೇಲಿ ಮರೆಯಾದಾಗ, ಮಾತು ಉಳಿಸಿಕೊಂಡೆನೆಂದು ಎದೆ ಹಗುರಾಯಿತು.

ಸಂಜೆ ಮಿರ್ಯಮ್ ಬಂದಳು. "ಶಾಲೆಯ ಪುಸ್ತಕಗಳು ನಿಮ್ಮಲ್ಲಿವೆ ಅಂತ ಅಪ್ಪ ಹೇಳಿದ್ದರು. ಗುರುವಾರ ಅವರ ಜೊತೆ ಮಣ್ಣು ಮಾಡಬೇಕು. ನಾವು ಹಳೆಯ ಗ್ರಂಥಗಳನ್ನು ಮನುಷ್ಯರಂತೆಯೇ ಹೂಳುತ್ತೇವೆ. ಗುಂಡಿ ಸ್ವಲ್ಪ ಉದ್ದ ತೋಡಲು ಹೇಳಿದ್ದೇನೆ."

ರಾಜಗೋಪಾಲರು ನಡೆದುದನ್ನು ಹೇಳಿ, ಖಾಲಿ ಚೀಲವನ್ನು ಅವಳ ಮುಂದಿಟ್ಟರು.

"ಕಲ್ಲು ಹೊಡೆದವರಿಗೂ ಅವು ಸಿಕ್ಕಿರಲಿಲ್ಲ," ಎಂದಳು ಅವಳು, ದನಿ ಏರಿಸದೆ. "ನಿಮ್ಮ ಭಕ್ತಿಗೆ ಸಿಕ್ಕವು."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಗುರುವಾರ ಸ್ಮಶಾನದಲ್ಲಿ ಎಲ್ಕಾನರ ಕಾಲ್ದೆಸೆಯ ಜಾಗ ಬರಿದಾಗಿಯೇ ಉಳಿದಿತ್ತು. ಮಿರ್ಯಮ್ ಆ ಖಾಲಿ ಚೀಲವನ್ನೇ ಮಡಿಸಿ ಅಲ್ಲಿಟ್ಟಳು. ಒಬ್ಬೊಬ್ಬರಾಗಿ ಮಣ್ಣು ಹಾಕಿದರು. ಸಲಿಕೆಯನ್ನು ಕೈಯಿಂದ ಕೈಗೆ ಕೊಡಬಾರದು, ನೆಲಕ್ಕೆ ಚುಚ್ಚಿಡಬೇಕು, ಮುಂದಿನವರು ತೆಗೆದುಕೊಳ್ಳುತ್ತಾರೆ. ಈ ಸಲ ರಾಜಗೋಪಾಲರು ಕೇಳಿ ತಿಳಿದುಕೊಂಡಿದ್ದರು. ಮಣ್ಣು ಹಾಕಿ, ಸಲಿಕೆ ಚುಚ್ಚಿಟ್ಟು, ಪಕ್ಕಕ್ಕೆ ಸರಿದು ಕಣ್ಣು ಮುಚ್ಚಿದರು.

ನಾರಾಯಣಾ, ಇವರು ನಿನ್ನನ್ನು ಯಾವ ಹೆಸರಿನಿಂದ ಕರೆದರೋ ಆ ಹೆಸರಿಗೇ ಓಗೊಡು. ಮಾತು ತಪ್ಪಿದವನು ನಾನು, ಅದರ ನೋವು ಇವರನ್ನು ಮುಟ್ಟದಿರಲಿ. ನೀರಿನಲ್ಲಿ ಹೋದ ಆ ಅಕ್ಷರಗಳನ್ನು ಇವರ ಬಳಿಗೆ ಸೇರಿಸು. ಎಲ್ಕಾನರ ಆತ್ಮಕ್ಕೆ ಶಾಂತಿ ಕೊಡು.