ನೆರಳಿನ ಅಳತೆ

ಆ ಮನೆಯ ದರ್ಜಿ ಸೊಸೆ ಅಳತೆಯಿಲ್ಲದೆ ನೀರನ್ನೂ ಕುಡಿಯುವವಳಲ್ಲ. ಅಮ್ಮ ಕೊಟ್ಟ ಬೀಜವನ್ನು ಹಿತ್ತಲ ಮರದ ನೆರಳಲ್ಲಿ ಹಾಕಿದಾಗಲೂ ಟೇಪು ಹಿಡಿದೇ ಹಾಕಿದ್ದಳು. ಅದು ಕಾಡಿನ ಗಿಡ, ಬಿಸಿಲಾಗದು. ಚಳಿಗಾಲವಿಡೀ ಎಲೆ ತೋರಿಸಿ, ಬೇಸಿಗೆಗೆ ಮೇಲೊಂದು ಕುರುಹೂ ಉಳಿಸದೆ ಗೆಡ್ಡೆಯಾಗಿ ಮಲಗಿಬಿಡುತ್ತದೆ. ಮೊದಲ ಹೂವಿಗೆ ಏಳು ವರ್ಷ ಬೇಕು. ಅಮ್ಮ ಎರಡನೇ ವರ್ಷಕ್ಕೇ ತೀರಿಕೊಂಡಿದ್ದಳು. ಬರುವ ಚಳಿಗಾಲಕ್ಕೆ ಏಳು ತುಂಬುತ್ತಿತ್ತು. ಇಲ್ಲದ ಗಿಡಕ್ಕೆ ಕಾವಲು ಕೂರುವವಳು ಎಂದು ಅತ್ತೆ ಬೀದಿಗೆಲ್ಲ ಸಾರಿ ನಗುತ್ತಿದ್ದರು.

ಹಿತ್ತಲಿಗೆ ಮುಂದಿನ ವಾರ ಕಾಂಕ್ರೀಟು ಹಾಕಿಸುತ್ತೇನೆ ಎಂದಿದ್ದ ಮನೆ ಮಾಲೀಕ ಹೇಳದೆ ಕೇಳದೆ ಇವತ್ತೇ ಆಳುಗಳನ್ನು ಕಳಿಸಿದ್ದ. ಅವಳು ಅಂಗಡಿಯಿಂದ ಊಟಕ್ಕೆ ಬರುವಷ್ಟರಲ್ಲಿ ಗಿಡದ ಸುತ್ತ ಅವಳು ಇಟ್ಟಿದ್ದ ಗುರುತಿನ ಕಲ್ಲುಗಳನ್ನು ಕಿತ್ತೆಸೆದು ನೆಲ ಸಮ ಮಾಡಿಯಾಗಿತ್ತು. ಅತ್ತೆ ನೋಡುತ್ತಾ ಸುಮ್ಮನಿದ್ದರಂತೆ. ಅವಳ ಮೈ ಉರಿದುಹೋಯಿತು. ಕಲಸಿದ್ದು ಗಟ್ಟಿಯಾಗುತ್ತದೆ, ಅರ್ಧ ಗಂಟೆಗಿಂತ ಹೆಚ್ಚು ಕಾಯಲಾರೆ ಎಂದ ಮೇಸ್ತ್ರಿ.

ಅವಳು ಗಿಡದ ಜಾಗ ಅಳೆದು ಬರೆದಿಟ್ಟಿದ್ದ ಹಳೆಯ ಚೀಟಿ ಹುಡುಕಿ ತಂದಳು. ಹನ್ನೆರಡು ಗಂಟೆಗೆ ನೆರಳಿನ ಅಂಚಿನಿಂದ ಎರಡು ಅಡಿ ಒಳಗೆ ಎಂದು ಬರೆದಿತ್ತು. ಗಂಟೆ ಸರಿಯಾಗಿ ಹನ್ನೆರಡು. ಅಳೆದು ಅಗೆದಳು. ಬರೀ ಮಣ್ಣು. ಇನ್ನೊಂದು ಗೇಣು ಅಗೆದಳು. ಒಂದು ಎರೆಹುಳು ಸಿಕ್ಕಿತು, ಅಷ್ಟೇ. ಮಿಕ್ಸರ್ ಗಡಗಡ ತಿರುಗುತ್ತಿತ್ತು.

ಅತ್ತೆ ಬಂದು ಚೀಟಿ ಕಸಿದು ಓದಿದರು.

"ಇದನ್ನ ಯಾವಾಗ ಅಳೆದಿದ್ದು?"

"ಗಿಡದಲ್ಲಿ ಎಲೆ ಇದ್ದಾಗ. ಚಳಿಗಾಲದಲ್ಲಿ."

"ನೆರಳು ಅಂದ್ರೆ ಅಂಗಿ ಕಾಲರ್ ಅನ್ಕೊಂಡ್ಯಾ? ಚಳಿಗಾಲದಲ್ಲಿ ಅದು ಎಷ್ಟು ಉದ್ದ ಚಾಚತ್ತೆ, ಬೇಸಿಗೇಲಿ ಎಷ್ಟು ಮುದುಡತ್ತೆ!"

ಮರದಿಂದ ಇನ್ನೂ ಆಚೆಗೆ, ಉರಿಬಿಸಿಲಲ್ಲಿ, ಅತ್ತೆ ಮಂಡಿಯೂರಿ ಕೂತೇಬಿಟ್ಟರು. ಗುದ್ದಲಿ ಬೇಡ, ಗೆಡ್ಡೆ ತುಂಡಾದೀತು ಎಂದು ಇಬ್ಬರೂ ಬೆರಳಲ್ಲೇ ಕೆದಕಿದರು. ಮೇಸ್ತ್ರಿ ಎರಡು ಸಲ ಕೆಮ್ಮಿದ. ಮೂರನೇ ಸಲ ಕೆಮ್ಮುವ ಮೊದಲು ಸೊಸೆಯ ಉಗುರಿಗೆ ಏನೋ ಗಟ್ಟಿಯಾಗಿ ತಾಗಿತು. ಶುಂಠಿಯಷ್ಟು ದಪ್ಪದ ಗೆಡ್ಡೆ, ತುದಿಯಲ್ಲಿ ಬೆಳ್ಳನೆಯ ಮೊಳಕೆ.

ಅದನ್ನು ಮಣ್ಣಿನ ಸಮೇತ ಸೆರಗಿಗೆ ಹಾಕಿಕೊಂಡು ಅವಳು ಅಲ್ಲೇ ಕುಸಿದು ಅಳತೊಡಗಿದಳು.

"ಬೇರು ಕದಲಿದ್ರೆ ಇನ್ನು ಮೂರು ವರ್ಷ ಹೂ ಬಿಡಲ್ಲ, ಅತ್ತೆ. ಅಮ್ಮ ಹೇಳಿದ್ಳು."

ಎಪ್ಪತ್ತೊಂಬತ್ತರ ಅತ್ತೆ ಸೊಸೆಯ ಭುಜ ಹಿಡಿದು ಏದುಸಿರು ಬಿಡುತ್ತಾ ಎದ್ದರು.

"ಮೂರು ವರ್ಷ ತಾನೇ? ಸರಿ, ಅಲ್ಲೀವರೆಗೆ ನಾನು ಸಾಯಲ್ಲ ಬಿಡು. ಏಳು, ಕುಂಡ ಹುಡುಕು."